ಬೀಗರ ಮನೆಯ ಪಕಳೆ

ಕೌದಿ ಎಂದರೆ ಚಿಂದಿ ಬಟ್ಟೆಯ ಗಂಟು ಎಂದು ಯಾರಾದರೂ ನನ್ನ ಎದುರಿಗೆ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಓದಿದ್ದು ನಾಲ್ಕನೇ ಇಯತ್ತೆ, ಅದೂ ಅರ್ಧಕ್ಕೇ ನಿಂತಿತು. ಅಂಗಿ, ಪ್ಯಾಂಟು, ಜಂಪರು ಹೊಲಿಯುತ್ತ ಹೊಲಿಯುತ್ತ ತಲೆ ನರೆಯುತ್ತ ಬಂದಿದೆ, ಸಿಟ್ಟು ಮಾತ್ರ ಇನ್ನೂ ಹರೆಯದಲ್ಲೇ ಇದೆ ಅಂತ ಊರವರು ಅನ್ನುತ್ತಾರೆ. ಅನ್ನಲಿ. ಇಷ್ಟು ವರ್ಷ ಮಷೀನು ತುಳಿದ ನಾನೇ ಹೇಳುತ್ತೇನೆ, ನನ್ನ ಅಕ್ಕ ಕಾಡವ್ವ ಕೈಯಿಂದ ಹೊಲಿದ ಒಂದು ಹೂವನ್ನು ನನ್ನ ಮಷೀನು ಹೊಲಿಯಲಾರದು. ಆ ಹೂವು ಎಲ್ಲಿ ಹುಟ್ಟಿತು, ಅದರ ಒಂದೇ ಒಂದು ಪಕಳೆಗಾಗಿ ಬೆಳಗಾವಿಯಲ್ಲಿ ಏನೇನಾಯಿತು ಎನ್ನುವುದನ್ನು ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಕಾಡವ್ವ ನನ್ನನ್ನು ಎತ್ತಿ ಆಡಿಸಿದವಳು. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಕುರಿಯ ಹಿಂದೆ ಹೋದರೆ ಮಳೆಗಾಲಕ್ಕೇ ತಿರುಗಿ ಬರುವುದು. ಅವ್ವ ಇಲ್ಲದ ಮನೆಯಲ್ಲಿ ನನಗೆ ಅಕ್ಕನೇ ಅವ್ವ. ಅವಳನ್ನು ಊರಲ್ಲೇ ಮಾಯಪ್ಪನಿಗೆ ಕೊಟ್ಟರು. ಮಾಯಪ್ಪ ಹಂಚಿನ ಭಟ್ಟಿಯಲ್ಲಿ ಕೆಲಸಕ್ಕಿದ್ದ, ಮಾತು ಕಡಿಮೆ, ಒಳ್ಳೆಯ ಮನುಷ್ಯ. ಅಕ್ಕನಿಗೆ ಒಬ್ಬಳೇ ಮಗಳು, ರೇಣವ್ವ.

ನಮ್ಮ ಓಣಿಯ ಹೆಂಗಸರೆಲ್ಲ ಬೇಸಿಗೆ ಬಂತೆಂದರೆ ಕೌದಿ ಹಾಕುತ್ತಾರೆ. ಕೆಳಗೆ ಒಂದು ಹಳೆಯ ಸೀರೆ ಹಾಸಿ, ಅದರ ಮೇಲೆ ಚೌಕ ಚೌಕ ತುಂಡು ಜೋಡಿಸಿ, ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುವುದು. ಇದಕ್ಕೆ ಎರಡು ಪದ್ಧತಿ ಇವೆ. ಕೂಸಿನ ಕೌದಿಯಾದರೆ ತವರಿನ ಬಟ್ಟೆಯೂ ಇರಬೇಕು, ಗಂಡನ ಮನೆಯ ಬಟ್ಟೆಯೂ ಇರಬೇಕು. ಎರಡೂ ಕಡೆಯವರು ಉಟ್ಟು, ಒಗೆದು, ಮೆತ್ತಗಾದ ಬಟ್ಟೆ. ಇನ್ನೊಂದು, ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯಬೇಕು. ಕೌದಿ ಹಸಿದಿರಬಾರದು. ಹಸಿದ ಕೌದಿಯಲ್ಲಿ ಮಲಗಿದವರಿಗೆ ನಿದ್ದೆ ಹತ್ತುವುದಿಲ್ಲ ಅನ್ನುತ್ತಾರೆ.

ಎಪ್ಪತ್ತೆರಡನೇ ಇಸವಿ ಇರಬೇಕು. ಸಂಬಂಧಿಕರ ಮದುವೆಗೆ ಅಂತ ಅಕ್ಕನೂ ನಾನೂ ಲೋಂಡಾಕ್ಕೆ ರೈಲಿನಲ್ಲಿ ಹೊರಟಿದ್ದೆವು. ಸ್ಟೇಶನ್ ಇನ್ನೇನು ಬಂತು ಅನ್ನುವಾಗ ಸಿಗ್ನಲ್ ಸಿಗದೆ ಗಾಡಿ ನಿಂತಿತು. ಹಳಿಯ ಬಾಜು ರೈಲ್ವೆಯವರ ಮನೆಗಳು. ಒಂದು ಮನೆಯ ಹಿತ್ತಲಲ್ಲಿ ತಂತಿಯ ಮೇಲೆ ಒಂದು ಹಾಸಿಗೆ ಒಣಹಾಕಿದ್ದರು. ಅಕ್ಕ ಕಿಟಕಿಯ ಸರಳು ಹಿಡಿದು ಎದ್ದು ನಿಂತಳು.

"ಭರಮಾ, ಅಲ್ಲಿ ನೋಡು. ಕೌದಿ ಮ್ಯಾಲ ಹೂ ಅರಳ್ಯಾವು."

ನೋಡಿದೆ. ಬಿಳಿಯ ಬಟ್ಟೆಯ ಮೇಲೆ ಬಣ್ಣ ಬಣ್ಣದ ತುಂಡು ಸೇರಿಸಿ ಹೂವು ಮಾಡಿದ್ದರು. ಯಾವ ದೇಶದ ಪದ್ಧತಿಯೋ ಏನೋ. ಮಂದಿಯ ಹಾಸಿಗೆ ನೋಡಿ ಏನು ಮಾಡುತ್ತಿ, ಕುಂದರು ಅಂದೆ. ನೀ ಸುಮ್ಮನಿರು, ನಾನು ಎಣಿಸಾಕತ್ತೇನಿ ಅಂದಳು. ಅಷ್ಟರಲ್ಲಿ ಗಾಡಿ ಜಗ್ಗಿತು. ಅಕ್ಕ ಬಾಗಿಲಿಗೆ ಓಡಿದಳು. ಇಳಿದೇಬಿಡುತ್ತಿದ್ದಳು, ನಾನು ಸೆರಗು ಹಿಡಿದು ಎಳೆದು ಬೈದೆ. ಡಬ್ಬಿಯ ಮಂದಿಯೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅವಳಿಗೆ ಅದರ ಖಬರೇ ಇಲ್ಲ. ಮದುವೆಯ ಮನೆಯಲ್ಲಿ ಅಕ್ಷತೆ ಬೀಳುವಾಗಲೂ ಪಕ್ಕದಲ್ಲಿ ನಿಂತು ನನ್ನ ಕಿವಿಯಲ್ಲಿ, ನಡುವೆ ಒಂದು, ಸುತ್ತ ಆರು, ಹೌದಲ್ಲೋ ಅಂತ ಕೇಳುತ್ತಿದ್ದಳು. ಎಂಟು ಅಂದೆ ನಾನು, ಬೇಕಂತಲೇ. ನಿನ್ನ ಕಣ್ಣಿಗೆ ಬೆಂಕಿ ಬೀಳಲಿ ಅಂದಳು.

ಊರಿಗೆ ಬಂದವಳು ಅವತ್ತೇ ಕುಳಿತಳು. ನನ್ನ ಅಂಗಡಿಯಿಂದ ರಟ್ಟಿನ ಪೆಟ್ಟಿಗೆ ಒಯ್ದು, ಇದ್ದಿಲಿನಿಂದ ಗೆರೆ ಎಳೆದು, ಕಣ್ಣಳತೆಯಲ್ಲಿ ಒಂದು ಅಚ್ಚು ಕತ್ತರಿಸಿದಳು. ಅಚ್ಚು ಬಟ್ಟೆಯ ಮೇಲಿಟ್ಟು ಸುತ್ತ ಗೆರೆ ಹಾಕಿ, ಗೆರೆಯ ಹೊರಗೆ ಬೆರಳಂಚಿನಷ್ಟು ಬಿಟ್ಟು ಕತ್ತರಿಸಿ, ಗೆರೆಯ ಮೇಲೆ ಒಳಕ್ಕೆ ಮಡಚಿ, ಒಂದು ತುಂಡಿನ ಅಂಚಿಗೆ ಇನ್ನೊಂದನ್ನು ಜೋಡಿಸಿ ಸಣ್ಣ ಸಣ್ಣ ಟಾಕು ಹಾಕುವುದು. ಕೆಲಸವೇನೋ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಐದು ಪಕಳೆ ಕೂಡಿಸುವಷ್ಟರಲ್ಲಿ ಜಾಗವೇ ಮುಗಿಯುತ್ತಿತ್ತು. ಆರನೆಯದನ್ನು ತುರುಕಿದರೆ ಹೂವು ಉಬ್ಬಿ ನಿಂತು ಕೂಸಿನ ತಲೆಗೆ ಹಾಕುವ ಕುಂಚಿಗೆಯ ಹಾಗೆ ಆಗುತ್ತಿತ್ತು. ಅಚ್ಚು ಬದಲಿಸಿದರೆ ಈ ಸಲ ಆರು ಕೂಡಿಸಿಯೂ ಬಾಯಿ ತೆರೆದೇ ಇರುತ್ತಿತ್ತು. ನಾನೂ ಟೇಪು ಹಿಡಿದು ನೋಡಿದೆ. ಕಾಲರು, ಕಂಕುಳು, ಪಟ್ಟಿ ಎಲ್ಲ ನನಗೆ ಬರುತ್ತದೆ, ಇದು ಬರಲಿಲ್ಲ. ಸಿಟ್ಟು ಬಂದು ರಟ್ಟನ್ನು ರಸ್ತೆಗೆ ಎಸೆದೆ. ಅಕ್ಕ ಹೋಗಿ ಆರಿಸಿಕೊಂಡು ಬಂದು, ಧೂಳು ಒರೆಸಿ, ಮತ್ತೆ ಪೆಟ್ಟಿಗೆಯಲ್ಲಿ ಇಟ್ಟಳು. ಹೀಗೆ ಒಂದು ವರ್ಷ ಕಳೆಯಿತು, ಎರಡು ವರ್ಷ ಕಳೆಯಿತು. ಓಣಿಯ ಸಾತವ್ವ, ಫಕೀರವ್ವ ಇಬ್ಬರೂ, ಕಾಡವ್ವನ ಹೂ ಇನ್ನೂ ಮೊಗ್ಗೇ ಐತಿ ಅಂತ ನಗುತ್ತಿದ್ದರು. ಅವಳೂ ಅವರ ಜೊತೆ ನಗುತ್ತಿದ್ದಳು, ಆದರೆ ಬಿಡುತ್ತಿರಲಿಲ್ಲ.

ಹೂವು ಸಿಕ್ಕಿದ್ದು ನಂದಗಡದ ಸಂತೆಯಲ್ಲಿ. ನಾನು ದಾರದ ಉಂಡೆ ತರಲು ಹೋಗಿದ್ದೆ, ಅಕ್ಕ ಮೆಣಸಿನಕಾಯಿಗೆ ಬಂದಿದ್ದಳು. ಬಸ್ಸಿನ ಹೊತ್ತಾಯಿತು, ಇವಳ ಪತ್ತೆಯಿಲ್ಲ. ಹುಡುಕಿಕೊಂಡು ಹೋದರೆ ಬಳೆಗಾರನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾಳೆ. ಒಂದೇ ಅಳತೆಯ ಹಸಿರು ಬಳೆಗಳನ್ನು ಗೋಣಿತಟ್ಟಿನ ಮೇಲೆ ಜೋಡಿಸುತ್ತಿದ್ದಾಳೆ. ನಡುವೆ ಒಂದು ಬಳೆ, ಅದಕ್ಕೆ ತಾಗಿಸಿ ಸುತ್ತಲೂ ಬಳೆ. ಬಳೆಗಾರ ರೇಗಿ, ಯವ್ವಾ, ಇಟಗೋತಿಯೋ ಆಟ ಆಡ್ತಿಯೋ ಅಂತ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಧೋತರ ಹಿಡಿದು ಕೆಳಗೆ ಜಗ್ಗಿದಳು.

"ನೋಡೋ, ಭರಮಾ. ಆರ ಬಳಿ ಕುಂತಾವು. ಸಂದಿಲ್ಲ, ಏನಿಲ್ಲ. ಏಳನೇದು ಇಡಾಕ ಜಾಗಿಲ್ಲ, ಐದಕ್ಕ ಸಾಲೂದಿಲ್ಲ."

ನಾನೂ ಕುಳಿತು ನೋಡಿದೆ. ನಡುವಿನ ಬಳೆಗೆ ಸುತ್ತಲಿನ ಬಳೆಗಳು ತಾಗುವ ಜಾಗಗಳು ಆರು. ಆ ಆರೂ ಜಾಗಕ್ಕೆ ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ನೆಟ್ಟಗೆ ಗೆರೆ ಎಳೆದರೆ ಆರು ಮೂಲೆಯ ಒಂದು ತುಂಡು ಬರುತ್ತದೆ. ನಡುವಿನದೂ ಅದೇ, ಪಕಳೆಯೂ ಅದೇ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಳೆಗಾರನ ಹತ್ತಿರ ಸೀಸಕಡ್ಡಿ ಕೇಳಿದೆ. ಅವನೂ ಬಗ್ಗಿ ನೋಡತೊಡಗಿದ. ಆಮೇಲೆ ಅಕ್ಕ ಒಂದು ಡಜನ್ ಬಳೆ ತೆಗೆದುಕೊಂಡಳು. ಕೈ ಕೊಡಬೇ ಅಂತ ಅವನು ಅಂದರೆ, ಕೈಗೆ ಬ್ಯಾಡಪ್ಪ, ನೆಲಕ್ಕ ಬೇಕು ಅಂದಳು. ಬಸ್ಸು ಹೋಗಿಯೇ ಹೋಗಿತ್ತು. ಖಾನಾಪುರದವರೆಗೆ ಒಬ್ಬರ ಚಕ್ಕಡಿಯಲ್ಲಿ ಬಂದೆವು. ದಾರಿಯುದ್ದಕ್ಕೂ ಅವಳು ಬಳೆಯ ಕಟ್ಟನ್ನು ಎದೆಗೆ ಅವಚಿಕೊಂಡಿದ್ದಳು, ಒಂದೂ ಒಡೆಯಬಾರದೆಂದು.

ಮರುದಿನ ನಾನು ಊಟ ಮುಗಿಸಿ ಅಂಗಡಿಗೆ ಬಂದರೆ ಅಕ್ಕ ಕೂತಿದ್ದಾಳೆ. ಪೌಡರಿನ ಖಾಲಿ ಡಬ್ಬಿ ಬಿಚ್ಚಿ ಚಪ್ಪಟೆ ಮಾಡಿದ್ದಾಳೆ. ನನ್ನ ದೊಡ್ಡ ಕತ್ತರಿಯಿಂದ, ಬಟ್ಟೆ ಕತ್ತರಿಸುವ ಕತ್ತರಿಯಿಂದ, ಆ ತಗಡನ್ನು ಕರಕರ ಅಂತ ಕತ್ತರಿಸುತ್ತಿದ್ದಾಳೆ. ಆ ಕತ್ತರಿಯನ್ನು ನಾನು ಕಾಗದಕ್ಕೂ ಮುಟ್ಟಿಸುತ್ತಿರಲಿಲ್ಲ. ನಾನು ಕೂಗಿದ್ದು ಸ್ಟೇಶನ್ನಿನವರೆಗೆ ಕೇಳಿಸಿತ್ತಂತೆ. ಅವಳು ತಲೆ ಎತ್ತದೆ ಕೊನೆಯ ಮೂಲೆ ಮುಗಿಸಿದಳು. ತಗಡಿನ ಅಂಚನ್ನು ಹೊಸ್ತಿಲ ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿದಳು.

"ಕತ್ತರಿ ಸಾಣಿ ಹಿಡಿಸಬಹುದೋ ತಮ್ಮಾ. ಈ ಮೂಲಿ ತಪ್ಪಿದ್ರ ಮತ್ತ ಸಿಗೂದಿಲ್ಲ."

ಅವತ್ತು ದೀಪ ಹಚ್ಚುವ ಮೊದಲೇ ಮೊದಲ ಹೂವು ಮುಗಿಯಿತು. ನಡುವೆ ಅರಿಶಿನ ಬಣ್ಣ, ಸುತ್ತ ನನ್ನ ಅಂಗಡಿಯ ಕೆಂಪು ಖಣದ ತುಂಡು. ಅಕ್ಕ ಅದನ್ನು ನೆಲದ ಮೇಲಿಟ್ಟು ಅಂಗೈಯಿಂದ ಸವರಿದಳು. ಉಬ್ಬಲಿಲ್ಲ, ಬಾಯಿ ಬಿಡಲಿಲ್ಲ, ನೆಲಕ್ಕೆ ರಂಗೋಲಿ ಬಿಟ್ಟ ಹಾಗೆ ಅಂಟಿಕೊಂಡಿತು. ಮಾಯಪ್ಪ ಭಟ್ಟಿಯಿಂದ ಬಂದವನು ಕೆಂಪು ಮಣ್ಣಿನ ಕಾಲಿನಲ್ಲೇ ನಿಂತು ನೋಡಿ, ಚಂದ ಐತಿ ಅಂದ. ಅವನು ಅಷ್ಟು ಮಾತಾಡಿದ್ದೇ ದೊಡ್ಡದು.

ಆ ಅಚ್ಚನ್ನು ಅಕ್ಕ ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ರೊಟ್ಟಿ ಬಡಿಯುವಾಗಲೂ ಅದು ಸೊಂಟದಲ್ಲೇ. ಆಮೇಲಿನ ವರ್ಷಗಳಲ್ಲಿ ನಮ್ಮ ಓಣಿಯಲ್ಲಿ ಅವಳ ಹೂವು ಇಲ್ಲದ ತಲೆದಿಂಬು ಇರಲಿಲ್ಲ. ಆದರೆ ಪೂರ್ತಿ ಹೂವಿನ ಕೌದಿ ಮಾತ್ರ ಹಾಕಿರಲಿಲ್ಲ. ಅದು ರೇಣವ್ವನ ಕೂಸಿಗೆ ಅಂತ ಮೊದಲೇ ಹೇಳಿಬಿಟ್ಟಿದ್ದಳು. ಆಗ ರೇಣವ್ವನಿಗೆ ಇನ್ನೂ ಲಗ್ನವೇ ಆಗಿರಲಿಲ್ಲ.

ರೇಣವ್ವನನ್ನು ಬೆಳಗಾವಿಗೆ ಕೊಟ್ಟೆವು. ಅಳಿಯ ಲಕ್ಷ್ಮಪ್ಪ ನಮ್ಮವನೇ, ಕುರಿ ಬಿಟ್ಟು ನೌಕರಿ ಹಿಡಿದ ಮನೆಯವನು. ನೆಹರು ನಗರದ ಕಡೆ ಒಂದು ದವಾಖಾನೆಯಲ್ಲಿ ವಾರ್ಡಿನ ಕೆಲಸ. ಅವನ ತಾಯಿ ಪದ್ಮವ್ವ ಅವನ ಜೊತೆಗೇ ಇದ್ದಳು. ಎಂಬತ್ನಾಲ್ಕರಲ್ಲಿ ರೇಣವ್ವ ಬಾಣಂತನಕ್ಕೆ ಖಾನಾಪುರಕ್ಕೆ ಬಂದಳು, ಹೆಣ್ಣು ಕೂಸು ಹುಟ್ಟಿತು. ಐದನೇ ತಿಂಗಳಲ್ಲಿ ತಾಯಿ ಮಗುವನ್ನು ತೊಟ್ಟಿಲು, ಕುಂಚಿಗೆ, ಕೌದಿ ಸಮೇತ ಗಂಡನ ಮನೆಗೆ ಕಳಿಸಬೇಕು. ಗಂಡನ ಮನೆಯಲ್ಲಿ ಆ ತೊಟ್ಟಿಲಲ್ಲಿ, ಆ ಕೌದಿಯ ಮೇಲೆ ಕೂಸನ್ನು ಮಲಗಿಸಬೇಕು. ಅಕ್ಕ ಹನ್ನೆರಡು ವರ್ಷ ಕಾದಿದ್ದು ಆ ಒಂದು ಗಳಿಗೆಗೆ.

ಪದ್ಧತಿಯಂತೆ ಅಕ್ಕ ಬೀಗರಿಗೆ ಹೇಳಿ ಕಳಿಸಿದಳು, ನಿಮ್ಮ ಮನೆಯವರು ಉಟ್ಟ ಒಂದು ಹಳೆಯ ಬಟ್ಟೆ ಕೊಡ್ರಿ ಅಂತ. ಕೂಸನ್ನು ನೋಡಲು ಬಂದ ಲಕ್ಷ್ಮಪ್ಪ ಬರಿಗೈಯಲ್ಲಿ ಬಂದ. ನಮ್ಮ ಮನ್ಯಾಗ ಹಳೇ ಅರಬಿ ಇಟ್ಟುಕೊಳ್ಳೂದಿಲ್ಲ ಅಂತ ಅವ್ವ ಹೇಳ್ಯಾಳ್ರಿ ಅತ್ತೀ, ತೊಟ್ಟಿಲಾ ಅಷ್ಟ ತರ್ರಿ, ಸೊಲ್ಲಾಪುರ ಚಾದರ ತಂದಿಟ್ಟೇವಿ ಅಂದ. ದವಾಖಾನೆಯಲ್ಲಿ ಎಲ್ಲ ಬಿಳಿ ಬಟ್ಟೆ, ಕುದಿಸಿದ ಬಟ್ಟೆ, ಹಳೆಯ ಅರಿವೆಯಲ್ಲಿ ರೋಗ ಇರುತ್ತದೆ ಅಂತಲೂ ನೆಲ ನೋಡುತ್ತ ಅಂದ. ಹುಡುಗ ಕೆಟ್ಟವನಲ್ಲ, ಹೇಳಿಸಿದ್ದನ್ನು ಹೇಳಿದ. ಆದರೂ ನನಗೆ ನೆತ್ತಿಗೇರಿತು. ಅಕ್ಕ ನನ್ನ ತೊಡೆ ಚಿವುಟಿ ಕೂರಿಸಿದಳು.

ಅವನು ಹೋದ ಮೇಲೆ ಅವಳು ಹೇಳಿದ್ದು ಇಷ್ಟೇ: ಕೌದಿ ಹಾಕತೇನಿ, ಒಯ್ಯತೇನಿ, ನನ್ನ ಮೊಮ್ಮಗಳು ಅದರ ಮ್ಯಾಲನ ಮಲಗತಾಳ.

ದಿನ ಕಡಿಮೆ ಇದ್ದವು. ಓಣಿಯೇ ಕೆಲಸಕ್ಕೆ ಇಳಿಯಿತು. ಮೊಗ್ಗು ಅಂತ ನಕ್ಕ ಸಾತವ್ವ, ಫಕೀರವ್ವ ಇಬ್ಬರೂ ನಮಗೂ ಹೂ ಕೊಡು ಅಂತ ಬಂದರು. ಅಕ್ಕ ಅಚ್ಚನ್ನು ಕೈಯಿಂದ ಬಿಡಲೊಲ್ಲಳು. ಸಾತವ್ವ ಅದನ್ನಿಟ್ಟು ರಟ್ಟಿನ ಮೇಲೆ ಗೆರೆ ಹಾಕಿಕೊಂಡು ಹೋದಳು. ಫಕೀರವ್ವ ಸಾತವ್ವನ ರಟ್ಟು ನೋಡಿ ಇನ್ನೊಂದು ರಟ್ಟು ಮಾಡಿಕೊಂಡಳು. ಅವಳದನ್ನು ನೋಡಿ ಆಚೆ ಮನೆಯವರು, ಅವರದನ್ನು ನೋಡಿ ಇನ್ನೊಬ್ಬರು. ಗೆರೆಯ ಹೊರಗೆ ಕತ್ತರಿಸುವುದು ನಮ್ಮ ಹೆಂಗಸರ ಕೈಗೆ ಬಂದ ಅಭ್ಯಾಸ, ಬಟ್ಟೆ ಕಡಿಮೆ ಬೀಳಬಾರದು ನೋಡಿ. ರಟ್ಟಿಗೂ ಹಾಗೇ ಮಾಡಿದರು. ಮನೆಯಿಂದ ಮನೆಗೆ ಅಚ್ಚು ಅಕ್ಕಿಕಾಳಿನಷ್ಟು ಬೆಳೆಯುತ್ತ ಹೋಯಿತು.

ಎಲ್ಲರೂ ಪಕಳೆಗಳನ್ನು ಉಡಿಯಲ್ಲಿ ತುಂಬಿಕೊಂಡು ಬಂದು ಅಕ್ಕನ ಪಡಸಾಲೆಯಲ್ಲಿ ಸುರಿದರು. ಜಾತ್ರೆಯ ಹಾಗೆ ಗದ್ದಲ. ಕೂಡಿಸಲು ಕುಳಿತರೆ ಒಂದೂ ಕೂಡಲೊಲ್ಲದು. ಒಂದು ಚಿಕ್ಕದು, ಒಂದು ದೊಡ್ಡದು, ಮೂಲೆಗೆ ಮೂಲೆ ಬರುವುದಿಲ್ಲ. ಯಾರ ಕೈ ಸೊಟ್ಟ ಅಂತ ಹೆಂಗಸರಲ್ಲಿ ವಾದ ಹತ್ತಿತು. ಹಾಳಾಯಿತು, ಎಲ್ಲ ಬಿಸಾಡಿರಿ ಅಂತ ನಾನು ಬಾಗಿಲಲ್ಲಿ ನಿಂತು ಕೂಗಿದೆ. ಅಕ್ಕ ಎಲ್ಲರನ್ನೂ ಸುಮ್ಮನಾಗಿಸಿ ರಟ್ಟುಗಳನ್ನು ಒಂದರ ಮೇಲೊಂದು ಇಟ್ಟಳು, ಎಲ್ಲಕ್ಕೂ ಮೇಲೆ ತನ್ನ ತಗಡು. ಕೆಳಗಿನಿಂದ ಮೇಲಕ್ಕೆ ಸಣ್ಣಗಾಗುತ್ತ ಬಂದ ಗೋಪುರ. ಫಕೀರವ್ವ ಬಾಯಿಗೆ ಸೆರಗು ಹಿಡಿದಳು. ಆಮೇಲೆ ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಬಿಚ್ಚುವ ಕೆಲಸವೇನೂ ಬೀಳಲಿಲ್ಲ. ಒಂದು ಮನೆಯ ಪಕಳೆಗೆ ಅದೇ ಮನೆಯ ಪಕಳೆ ಸರಿಯಾಗಿ ಕೂಡುತ್ತಿತ್ತು. ಬೇರೆ ಮನೆಯದರ ಜೊತೆ ಮಾತ್ರ ಜಗಳ. ಹಾಗಾಗಿ ಅವರವರ ಹೂವನ್ನು ಅವರವರ ಪಕಳೆಯಿಂದಲೇ ಮುಗಿಸಿ, ಒಂದೇ ಅಳತೆಯ ಚೌಕ ಬಟ್ಟೆಯ ಮೇಲೆ ಕೂರಿಸಿದರು. ಚೌಕಕ್ಕೆ ಚೌಕ ಕೂಡಿಸಿದರೆ ಆಯಿತಲ್ಲ. ಒಂದು ಹೂವು ಸಣ್ಣದು, ಒಂದು ದೊಡ್ಡದು, ಗಿಡದಲ್ಲಿ ಇರುವುದೂ ಹಾಗೇ. ಇವತ್ತಿಗೂ ಆ ಕೌದಿ ನೋಡಿದರೆ ಯಾವ ಹೂವು ಯಾರ ಮನೆಯದು ಅಂತ ನಾನು ಹೇಳಬಲ್ಲೆ.

ನಟ್ಟನಡುವಿನ ಹೂವು ಅಕ್ಕನದು. ನಡುವಿನ ತುಂಡು ನಮ್ಮ ಅವ್ವನ ಸೀರೆಯದು. ಅದರ ಸುತ್ತ ಐದು ಪಕಳೆ ಹಚ್ಚಿದಳು. ಆರನೆಯದು ಹಚ್ಚಲಿಲ್ಲ. ಅಲ್ಲಿ ಕೆಳಗಿನ ಬಿಳಿ ಬಟ್ಟೆ ಕಾಣುತ್ತಿತ್ತು, ಹಲ್ಲು ಬಿದ್ದ ಬಾಯಿಯ ಹಾಗೆ. ಅದು ಬೀಗರ ಮನೆಯ ಪಕಳೆ, ಅವರು ಕೊಟ್ಟ ಮೇಲೆಯೇ ಹಚ್ಚುವುದು ಅಂದಳು. ಕೊನೆಯ ಮೂಲೆಯನ್ನೂ ಹೊಲಿಯದೆ ಬಿಟ್ಟಳು, ಹೊಟ್ಟೆ ತುಂಬಿಸುವುದೂ ಅಲ್ಲೇ ಆಗಲಿ ಅಂತ. ನನ್ನ ಅಂಗಡಿಯಲ್ಲಿ ತುಂಡುಗಳ ರಾಶಿ ಬಿದ್ದಿದೆ, ಯಾವುದಾದರೂ ಒಂದು ಹಚ್ಚು, ಅವರದೇ ಅಂತ ಹೇಳೋಣ, ಯಾರಿಗೆ ಗೊತ್ತಾಗುತ್ತದೆ ಅಂದೆ.

"ಕೌದಿಗೆ ಗೊತ್ತಾಗತೈತಿ" ಅಂದಳು.

ಹೊರಡುವ ದಿನ ಬಸ್ಸಿನ ಮೇಲೆ ತೊಟ್ಟಿಲು ಏರಿಸಿದಾಗ ನನಗೂ ಕಂಡಕ್ಟರನಿಗೂ ಜಗಳ ಹತ್ತಿತು. ಖಾಲಿ ತೊಟ್ಟಿಲು ತೂಗಬಾರದು. ಅವನು ಒಂದೇ ಹಗ್ಗದಲ್ಲಿ ಕಟ್ಟಿದ್ದ, ಬಸ್ಸು ಅಲುಗಿದರೆ ತೊಟ್ಟಿಲೂ ಅಲುಗುತ್ತಿತ್ತು. ಕೊನೆಗೆ ನಾನೇ ಮೇಲೆ ಹತ್ತಿ ನಾಲ್ಕೂ ಕಾಲಿಗೆ ಬಿಗಿದು ಕಟ್ಟಿ ಇಳಿದೆ. ಒಳಗೆ ನೋಡಿದರೆ ಕೂಸನ್ನು ಎತ್ತಿಕೊಂಡ ರೇಣವ್ವನ ಬಾಜು ಅಕ್ಕ ಹಬ್ಬದ ದಿನದ ಹುಡುಗಿಯ ಹಾಗೆ ಕುಳಿತಿದ್ದಾಳೆ, ತೊಡೆಯ ಮೇಲೆ ಕೌದಿ ಬಿಚ್ಚಿ ಬಾಜುದವರಿಗೆಲ್ಲ ತೋರಿಸುತ್ತಿದ್ದಾಳೆ. ಒಬ್ಬ ಮರಾಠಿ ಅಜ್ಜಿ ಕನ್ನಡಕ ಏರಿಸಿ ನೋಡಿ, ಏಕ ಪಾಕಳಿ ರಾಹಿಲಿ ಕಿ ಹೋ ಅಂದಳು, ಒಂದು ಪಕಳೆ ಉಳಿಯಿತಲ್ಲ ಅಂತ. ಅದನ್ನ ತರಾಕನ ಹೊಂಟೇವ್ರಿ ಆಯೀ ಅಂತ ಅಕ್ಕ ಅಂದಳು. ಬೆಳಗಾವಿ ಬರುವವರೆಗೂ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ನಾನು ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಪದ್ಮವ್ವ ಕೊಡುವುದಿಲ್ಲ, ಇವಳು ಬೇರೆಯದು ಹಚ್ಚುವುದಿಲ್ಲ, ಕೂಸು ಚಾದರದ ಮೇಲೆ ಮಲಗುತ್ತದೆ, ಇವಳು ಈ ಗಂಟನ್ನು ಹೊತ್ತುಕೊಂಡು ತಿರುಗಿ ಬರುತ್ತಾಳೆ. ನನಗೆ ಬೇರೆ ಏನೂ ಕಾಣುತ್ತಿರಲಿಲ್ಲ.

ಬೀಗರ ಮನೆಯಲ್ಲಿ ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ. ಬಾಗಿಲಲ್ಲೇ ಕೂಸಿಗೆ ರೊಟ್ಟಿ ನೀರು ನಿವಾಳಿಸಿದರು. ಸಾಲಿನ ಮನೆಗಳ ಹೆಂಗಸರೆಲ್ಲ ಬಂದು ತುಂಬಿದ್ದರು. ನನ್ನನ್ನು ಗೋಡೆಯ ಬಾಜು ಇದ್ದ ಮಂಚದ ಮೇಲೆ ಕೂರಿಸಿದರು. ಮಂಚಕ್ಕೆ ದಪ್ಪ ಸೊಲ್ಲಾಪುರ ಚಾದರ, ಮಡಿಕೆ ಮುರಿಯದ್ದು. ತೊಟ್ಟಿಲಿಗೂ ಅಂಥದೇ ಒಂದು ಹೊಸದು. ಪದ್ಮವ್ವ ಅದನ್ನು ತೊಟ್ಟಿಲಲ್ಲಿ ಹಾಸಲು ಬಗ್ಗಿದಾಗ ಅಕ್ಕ ಗಂಟು ಬಿಚ್ಚಿದಳು. ಕೌದಿಯನ್ನು ನೆಲದ ಮೇಲೆ ಒಂದೇ ಬೀಸಿಗೆ ಹರವಿದಳು.

ಸೇರಿದ್ದ ಹೆಂಗಸರು ಒಬ್ಬೊಬ್ಬರೇ ಬಗ್ಗಿದರು. ಇದು ಹೆಂಗ ಮಾಡೀರಿ, ಇದು ಮಷೀನಿನದೋ ಕೈಯದೋ, ಈ ಮೂಲೆ ಹೆಂಗ ಕುಂತಿತು. ಪದ್ಮವ್ವನೂ ಚಾದರ ಕೈಯಲ್ಲೇ ಹಿಡಿದು ಬಂದಳು. ಬಹಳ ಹೊತ್ತು ನೋಡಿದಳು.

"ಎಲ್ಲಾ ಛಲೋ ಐತ್ರೀ, ಅಕ್ಕಾರ. ನಡುವ ಇದೇನ ಬಿಟ್ಟೀರಿ?"

"ಅದು ನಿಮ್ಮನಿ ಪಕಳಿ ರೀ. ನಾ ಹೆಂಗ ಹಚ್ಚಲಿ?"

ಪದ್ಮವ್ವನ ಮುಖ ಬಿಗಿಯಿತು. ನೆರೆಯವರ ಕಡೆ ಒಮ್ಮೆ ನೋಡಿದಳು. ನಮ್ಮನ್ಯಾಗ ಹಳೇ ಅರಬಿ ಎಲ್ಲಿಂದ ಬರಬೇಕ್ರಿ, ಹೇಳಿ ಕಳಿಸಿದ್ನಲ್ಲ ಅಂದಳು. ಒಯ್ದು ಒಳಗ ಇಡ್ರಿ, ಮಳಿಗಾಲದಾಗ ಕೆಲಸಕ್ಕ ಬರತೈತಿ ಅಂತಲೂ ಅಂದಳು. ಅಕ್ಕ ಬಗ್ಗಿ ಕೌದಿಯ ಒಂದು ಅಂಚನ್ನು ಮಡಚಲು ಎತ್ತಿದಳು. ಅಷ್ಟೇ ಸಾಕಾಯಿತು ನನಗೆ.

"ನಡಿ ಅಕ್ಕಾ, ತೊಟ್ಟಿಲಾ ವಾಪಸ್ ಕಟ್ಟತೇನಿ" ಅಂದವನೇ ಮಂಚದಿಂದ ದಡಕ್ಕನೆ ಎದ್ದೆ.

ಸಿಟ್ಟಿನಲ್ಲಿ ಕುಳಿತ ಕಡೆ ಚಾದರದ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆನಂತೆ. ಬಿಡುವ ನೆನಪಾಗಲಿಲ್ಲ. ನಾನು ಎದ್ದು ಎರಡು ಹೆಜ್ಜೆ ಹಾಕುವಷ್ಟರಲ್ಲಿ ಚಾದರವೂ ನನ್ನ ಜೊತೆ ಹೊರಟಿತು. ಮಂಚದ ಮೇಲೆ ಉಳಿದದ್ದು ಒಂದು ಕೌದಿ. ಹಳೆಯದು, ಬಣ್ಣ ಮಾಸಿದ್ದು, ತೇಪೆಯ ಮೇಲೆ ತೇಪೆ ಬಿದ್ದದ್ದು. ನಾನು ನಡುಮನೆಯಲ್ಲಿ ಚಾದರ ಹಿಡಿದು ನಿಂತಿದ್ದೆ. ರೇಣವ್ವ ಕೂಸಿನ ಮುಖಕ್ಕೆ ಮುಖ ಹಚ್ಚಿ ನಗು ಮುಚ್ಚಿಕೊಂಡಳು. ನನ್ನ ನಾಲಿಗೆಯ ಮೇಲೆ ನೂರು ಮಾತು ಬಂದಿದ್ದವು, ಆದರೆ ಅಕ್ಕ ನನ್ನನ್ನು ದಾಟಿ ಮಂಚದ ಹತ್ತಿರ ಹೋದಳು. ಆ ಕೌದಿಯ ಅಂಚನ್ನು ಬೆರಳಲ್ಲಿ ಎತ್ತಿ ಕಣ್ಣಿನ ಹತ್ತಿರ ಹಿಡಿದಳು.

"ಏನ್ ಸಣ್ಣ ಟಾಕು ಅದಾವ್ರಿ. ಎಲ್ಲಾ ಆ ಕಡೆ ವಾಲ್ಯಾವು. ಹಾಕಿದವರು ಎಡಚಿ ಏನ್ರಿ?"

ಪದ್ಮವ್ವ ಮಂಚದ ಹತ್ತಿರ ಬಂದು, "ನಮ್ಮವ್ವ ರೀ. ಎಡಚಿ ಅಂತಾನ ಕರೀತಿದ್ರು" ಅಂದಳು. ಧ್ವನಿ ಬೇರೆಯದೇ ಆಗಿತ್ತು. ಅದರ ಮೇಲೆ ಮಲಗದಿದ್ದರೆ ತನಗೆ ನಿದ್ದೆ ಬರುವುದಿಲ್ಲ, ಈ ಸಾಲಿನಲ್ಲಿ ಎಲ್ಲರ ಮನೆಯಲ್ಲೂ ಗಾದಿ ಚಾದರ, ನಗುತ್ತಾರೆ ಅಂತ ಮೇಲೆ ಮುಚ್ಚಿಡುತ್ತೇನೆ ಅಂದಳು. ಆಗ ಬಾಗಿಲಲ್ಲಿ ನಿಂತಿದ್ದ ನೆರೆಯವಳೊಬ್ಬಳು, ನಮ್ಮ ಗಾದಿ ಕೆಳಗೂ ಐತ್ರಿ ಅವ್ವಾ ಒಂದು ಅಂದಳು. ಇನ್ನೊಬ್ಬಳೂ ನಕ್ಕು, ನಮ್ಮಲ್ಲೂ ಅಂದಳು.

ಪದ್ಮವ್ವ ಕೈಯಲ್ಲಿದ್ದ ಚಾದರವನ್ನು ಮಗನ ಕೈಗೆ ತುರುಕಿದಳು. ಗೋಡೆಯ ಮಾಡದಿಂದ ಬ್ಲೇಡು ತಂದಳು. ತಾಯಿಯ ಕೌದಿಯ ಅಂಚಿನಲ್ಲಿ ಅರ್ಧ ಬಿಟ್ಟುಕೊಂಡಿದ್ದ ಒಂದು ನೀಲಿ ತೇಪೆಯನ್ನು ಬಿಚ್ಚತೊಡಗಿದಳು. ಅಕ್ಕ ಬೇಡ ಅಂತ ಕೈ ಹಿಡಿದಳು, ಅದನ್ನು ಕಡಿಯಬೇಡ್ರಿ, ಬೇರೆ ಏನರ ಇದ್ರ ಕೊಡ್ರಿ ಅಂದಳು. ಪದ್ಮವ್ವ ಕೇಳಲಿಲ್ಲ. ಇದು ನಮ್ಮವ್ವನ ಸೀರಿ, ನನಗ ಉಡಿಸಿದ್ಲು, ನಾನೂ ಉಟ್ಟೇನಿ, ಇದಕ್ಕಿಂತ ನಮ್ಮನಿದು ಯಾವುದೈತಿ ಅಂತ ಬಿಚ್ಚಿಯೇ ತೆಗೆದಳು.

ಅಕ್ಕ ಸಂಚಿಯಿಂದ ತಗಡಿನ ಅಚ್ಚು ತೆಗೆದಳು. ನನ್ನ ಜೇಬಿನಲ್ಲಿ ಗೆರೆ ಹಾಕುವ ಸೀಮೆಸುಣ್ಣದ ಬಿಲ್ಲೆ ಯಾವಾಗಲೂ ಇರುತ್ತದೆ. ನೀಲಿ ಬಟ್ಟೆಯ ಮೇಲೆ ಅಚ್ಚಿಟ್ಟು ಗೆರೆ ಹಾಕಿದಳು, ಕತ್ತರಿಸಿದಳು, ಉಗುರಿನಿಂದ ಗೆರೆಯ ಮೇಲೆ ಮಡಚಿದಳು. ಬಟ್ಟೆ ಎಷ್ಟು ಮೆತ್ತಗಿತ್ತೆಂದರೆ ಮಡಿಕೆ ತಾನೇ ಕುಳಿತಿತು. ಹೊಲಿಯುವುದು ನಾನೇ ಅಂದಳು ಪದ್ಮವ್ವ. ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ನನಗೆ ಬಂತು. ಇಬ್ಬರೂ ಬೀಗತಿಯರು ಕೌದಿಯ ಎರಡು ಕಡೆ ಕುಳಿತರು, ನಾವೆಲ್ಲ ಸುತ್ತ ನಿಂತೆವು. ಬಾಗಿ ಬಾಗಿ ನೋಡುವವರಿಂದ ಬೆಳಕು ಮರೆಯಾಗಿ, ಸರೀರಿ, ಸರೀರಿ ಅಂತ ಪದ್ಮವ್ವ ಎಲ್ಲರನ್ನೂ ಗದರಿಸುತ್ತಿದ್ದಳು. ಕೊನೆಗೆ ಮೂಲೆಗೆ ಮೂಲೆ ಬಂದು ಕುಳಿತಿತು. ಅಕ್ಕ ಅಂಗೈಯಿಂದ ಹೂವನ್ನು ಸವರಿದಳು, ಅವತ್ತು ನನ್ನ ಅಂಗಡಿಯಲ್ಲಿ ಸವರಿದ ಹಾಗೆಯೇ.

ಬಿಟ್ಟಿದ್ದ ಮೂಲೆಗೆ ಪದ್ಮವ್ವ ಒಲೆಯ ಬಾಜುವಿನ ಬುಟ್ಟಿಯಿಂದ ಹೋಳಿಗೆಯ ಚೂರು ತಂದಿಟ್ಟಳು. ಅಕ್ಕ ಹೊಲಿದು ಮುಚ್ಚಿದಳು. ಕೌದಿ ತೊಟ್ಟಿಲಿಗೆ ಹೋಯಿತು, ಕೂಸು ಕೌದಿಯ ಮೇಲೆ. ಮಲಗಿಸಿದ ಗಳಿಗೆಯಲ್ಲೇ ಅದು ಕಾಲು ಝಾಡಿಸಿ ಒಂದು ಸಲ ನಕ್ಕಿತು, ನಟ್ಟನಡುವಿನ ಹೂವಿನ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದುಬಿಟ್ಟಿತು. ಹೊಸ ಚಾದರ ಹಿಡಿದು ನಿಂತಿದ್ದ ಲಕ್ಷ್ಮಪ್ಪನನ್ನು ನೋಡಿ ಎಲ್ಲರೂ ನಕ್ಕರು. ಅವನೂ ನಕ್ಕ. ಒಗದ್ರ ಹೋಗತೈತ್ರಿ ಅಂದ. ದವಾಖಾನೆಯವನು ಅಂದ ಮೇಲೆ ಸರಿಯೇ.

ಊಟ ಮುಗಿದು ನಾವು ಹೊರಟಾಗ ಪದ್ಮವ್ವ ಅಕ್ಕನನ್ನು ಬಾಗಿಲಲ್ಲಿ ನಿಲ್ಲಿಸಿದಳು. ತಾಯಿಯ ಕೌದಿಯಲ್ಲಿ ಆ ತೇಪೆ ತೆಗೆದ ಜಾಗ ಖಾಲಿ ಐತಿ, ಅಲ್ಲಿ ಒಂದು ಹೂ ಹಚ್ಚಬೇಕು, ಆ ತಗಡು ಇಲ್ಲೇ ಬಿಟ್ಟು ಹೋಗ್ರಿ ಅಂದಳು. ಹನ್ನೆರಡು ಮನೆಯವರು ಬೇಡಿದರೂ ಕೊಡದ ಅಚ್ಚು. ಅಕ್ಕ ಸಂಚಿಯಲ್ಲಿ ಕೈ ಹಾಕಿ, ಒಂದು ಸಲ ತಡೆದು, ತೆಗೆದು ಅವಳ ಅಂಗೈಯಲ್ಲಿಟ್ಟಳು.

"ಯಾರ ಕೇಳಿದ್ರೂ ಇದರ ಮ್ಯಾಲಿಂದನ ಬರಕೊಳ್ಳಾಕ ಹೇಳ್ರಿ. ರಟ್ಟಿನಿಂದ ರಟ್ಟಿಗೆ ಹೋಗಬ್ಯಾಡ್ರಿ, ಹೂ ಸೊಕ್ಕತಾವು."

ಖಾನಾಪುರದ ಬಸ್ಸಿನಲ್ಲಿ ನಾನು ಅವಳ ಮೇಲೆ ರೇಗಿದೆ. ಕೂಸಿಗೆ ಕೌದಿ ಕೊಟ್ಟದ್ದು ಸರಿ, ಅಚ್ಚು ಯಾಕೆ ಕೊಟ್ಟೆ, ಎಷ್ಟು ವರ್ಷ ಒದ್ದಾಡಿ ಮಾಡಿದ್ದು ಅಂದೆ. ಅವಳು ನನ್ನ ಮಾತು ಕೇಳುತ್ತಿರಲಿಲ್ಲ. ಸೆರಗು ಸರಿಸಿ ಕೈಯ ಹಸಿರು ಬಳೆಗಳನ್ನು ಒಂದೊಂದೇ ಸರಿಸಿ ಎಣಿಸುತ್ತಿದ್ದಳು, ನಡುವೆ ಒಂದು, ಸುತ್ತ ಆರು ಅಂತ.

"ಭರಮಾ, ನಿನ್ನ ಅಂಗಡ್ಯಾಗ ಪೌಡರ್ ಡಬ್ಬಿ ಖಾಲಿ ಆಗೈತೇನು?"

ಡಬ್ಬಿ ಇದೆ, ಆದರೆ ನನ್ನ ಕತ್ತರಿ ಮುಟ್ಟಿದರೆ ನೋಡು ಅಂದೆ. ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ಮರುದಿನ ನಾನು ಅಂಗಡಿಯ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದಳು. ಬೈಯುತ್ತ ಬೈಯುತ್ತಲೇ ಕತ್ತರಿಯನ್ನು ನಾನೇ ತೆಗೆದು ಅವಳ ಕೈಗೆ ಕೊಟ್ಟೆ.